ಅಂತೆಯ ಲೆಕ್ಕ

ಗ್ಯಾಸಿನ ದುಡ್ಡು ಕಟ್ಟಿದೆನಂತೆ, ಮಂಗಳವಾರ.
ಬುಧವಾರವೂ ಕಟ್ಟಿದೆನಂತೆ.
ಬ್ಯಾಂಕಿನ ಹಾಳೆ ಹೇಳುತ್ತದೆ. ನನಗೆ ಗೊತ್ತಿಲ್ಲ.
ನನ್ನ ಸುದ್ದಿ ನನಗೇ ಈಗ
ಗೋಡೆಯಾಚೆಯ ಮನೆಯಿಂದ ಬಂದ ಹಾಗೆ ಬರುತ್ತದೆ.

ಸ್ವಾನ್ಸಿಯ ಈ ಏರುರಸ್ತೆಯಲ್ಲೇ, ಮಾರ್ಚಿನ ಮಂಜಿನಲ್ಲಿ,
ಸೈಕಲ್ಲಿನಿಂದ ಬಿದ್ದೆನಂತೆ. ವ್ಯಾನು ನಿಲ್ಲಲಿಲ್ಲವಂತೆ.
ಹನ್ನೊಂದು ದಿನ ಕಣ್ಣು ತೆರೆಯಲಿಲ್ಲವಂತೆ.
ತೆರೆದಾಗ ಹದಿನೇಳರ ಮಗ್ಗಿ ಇದ್ದಲ್ಲೇ ಇತ್ತು:
ಹದಿನೇಳೆಂಟ್ಲ ನೂರಾ ಮೂವತ್ತಾರು,
ತಪ್ಪಿಲ್ಲ, ತಡವರಿಕೆಯಿಲ್ಲ.
ಹದಿನೇಳು ನಿಮಿಷದ ಹಿಂದೆ ಏನು ಕೊಂಡೆ ಎಂದರೆ ಮಾತ್ರ
ಚೀಲ ಬಿಚ್ಚಿ ನೋಡಬೇಕು.

ಒಲೆಯ ಮೇಲಿನ ಹಲಗೆಯಲ್ಲಿ ಜಾಮಿನ ಬಾಟಲಿಗಳು.
ಬಾಡಿಗೆ. ಕರೆಂಟು. ಬಸ್ಸು.
ಚೀಟಿ ಅಂಟಿಸಿದ್ದು ಕ್ಯಾರಿಸ್. ವಾರಕ್ಕೊಮ್ಮೆ ಬರುತ್ತಾಳೆ,
ಬಂದಾಗಲೆಲ್ಲ ತನ್ನ ಹೆಸರು ಹೇಳುತ್ತಾಳೆ, ಬೇಸರವಿಲ್ಲದೆ.
ಒಂದರ ಮೇಲೆ ಮಾತ್ರ ನಾನೇ ಕನ್ನಡದಲ್ಲಿ ಬರೆದಿದ್ದೇನೆ:
"ಮುಟ್ಟಬೇಡ."
ಯಾಕೆಂದು ಬರೆದಿಲ್ಲ.
ಒಳಗೆ ಎಂಬತ್ತೈದು ಪೌಂಡು, ಒಂದು ಗುಂಡಿ.
ಯಾವ ಅಂಗಿಯದೋ.

ಕಾರ್ಡಿನ ನಾಲ್ಕು ಅಂಕಿ ತಲೆಗೆ ಗೊತ್ತಿಲ್ಲ, ಬೆರಳಿಗೆ ಗೊತ್ತು.
ಯಂತ್ರದ ಮುಂದೆ ನಿಂತು ಮುಖ ತಿರುಗಿಸಿಕೊಳ್ಳುತ್ತೇನೆ,
ನಾಚಿಕೆಯ ಹುಡುಗಿ ಹಾಡುವಾಗ
ಎಲ್ಲರೂ ಗೋಡೆ ನೋಡುವಂತೆ.
ಹಿಂದೆ ಸಾಲಿನಲ್ಲಿ ಯಾರಾದರೂ ಕೆಮ್ಮಿದರೋ, ಮುಗಿಯಿತು.

ಫೋನಿನ ಹುಡುಗರದು ಬೆಣ್ಣೆಯ ದನಿ.
"ಹೋದ ವಾರ ಒಪ್ಪಿದ್ದಿರಲ್ಲ, ಮೇಡಂ?"
ಒಪ್ಪಿದ್ದರೂ ಒಪ್ಪಿರಬಹುದು. ಇಲ್ಲವೆನ್ನಲು ಸಾಕ್ಷಿ ಎಲ್ಲಿಂದ ತರಲಿ?
ಹೀಗೆ ನನ್ನ ಎರಡು ಕೋಣೆಗೆ ಮೂರು ಇಂಟರ್ನೆಟ್ಟು,
ಸಾಕದ ನಾಯಿಗೊಂದು ವಿಮೆ.

ಭತ್ಯೆಯ ಅರ್ಜಿಯಲ್ಲಿ ಒಂಬತ್ತನೇ ಪುಟ ಕೇಳುತ್ತದೆ:
ನೀವು ಇತ್ತೀಚೆಗೆ ಮರೆತದ್ದಕ್ಕೆ ಉದಾಹರಣೆ ಕೊಡಿ.
ಕ್ಯಾರಿಸ್ ನಕ್ಕಳು. ನಾನೂ ನಕ್ಕೆ.
ಆಮೇಲೆ ಅವಳು ನಕ್ಕಿದ್ದು ಯಾಕೆಂದು ಕೇಳಿದೆ.
ಅದನ್ನೇ ಬರೆದುಕೊಂಡಳು.

ಹರಿಹರದಲ್ಲಿ ಗುರುಸಿದ್ಧವ್ವ ಚೀಟಿ ನಡೆಸುತ್ತಿದ್ದಳು,
ಇಪ್ಪತ್ತಾರು ಹೆಂಗಸರ ಕಂತು. ಪುಸ್ತಕವಿಲ್ಲ, ಪೆನ್ಸಿಲಿಲ್ಲ,
ಸೆರಗಿನ ಗಂಟು, ಅದರ ಮೇಲೊಂದು ತಲೆ.
ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ, ಅನ್ನುತ್ತಿದ್ದಳು
ನೋಟು ಎಣಿಸುತ್ತಲೇ, ಲೆಕ್ಕ ತಪ್ಪದೆ.
ಅವ್ವಾ, ಈಗ ಎರಡೂ ನಾನೇ.
ಬೆಳಗಿನವಳು ಬಚ್ಚಿಟ್ಟದ್ದನ್ನು ಸಂಜೆಯವಳು ಹುಡುಕುತ್ತಾಳೆ,
ಸಿಕ್ಕರೆ, ಇದು ಯಾರದೋ ಎಂದು ಹೆದರಿ
ಇನ್ನೂ ಒಳಗೆ ಬಚ್ಚಿಡುತ್ತಾಳೆ.

ಈ ಶುಕ್ರವಾರ ಕೋಟಿನ ಜೇಬಿನಲ್ಲಿ ಲಕೋಟೆ.
ನನ್ನದೇ ಅಕ್ಷರ: "ಗ್ವಿಲಿಮ್‌ಗೆ ನಲವತ್ತು. ಮರೀಬೇಡ."
ಮೂಲೆಯ ಬೂಟು ರಿಪೇರಿ ಅಂಗಡಿ, ಬಾಗಿಲು ತಳ್ಳಿದರೆ ಅಂಟಿನ ಘಾಟು.
ಸಾಲ ಯಾವಾಗಿನದು, ಯಾತಕ್ಕೆ, ದೇವರೇ ಬಲ್ಲ.
ಅವನು ಲಕೋಟೆ ನೋಡಿದ, ನನ್ನನ್ನು ನೋಡಿದ.
ಬಾಯಲ್ಲಿ ಮೂರು ಮೊಳೆ, ಒಂದೊಂದಾಗಿ ತೆಗೆದಿಟ್ಟು
"ಕೊಟ್ಟಾಯಿತಲ್ಲ," ಎಂದ, "ಹೋದ ತಿಂಗಳೇ."
ಲಕೋಟೆಯನ್ನು ನನ್ನ ಅಂಗೈಗೆ ಒತ್ತಿ
ಮತ್ತೆ ಸುತ್ತಿಗೆ ಎತ್ತಿಕೊಂಡ, ತುಸು ಬೇಗನೇ.

ನಿಜ ಹೇಳಿದನೋ, ದಯೆ ತೋರಿದನೋ.
ಬ್ಯಾಂಕಿನ ಹಾಳೆಯಲ್ಲಿ ಇದು ಸಿಗದು;
ಕೈಯಿಂದ ಕೈಗೆ ಹೋದ ನೋಟಿಗೂ
ನನ್ನ ಹಾಗೆಯೇ, ನೆನಪಿಲ್ಲ.

ಹೊರಗೆ ಕಡಲ ಗಾಳಿಗೆ ಬೆನ್ನು ಕೊಟ್ಟು
ಪುಸ್ತಕ ತೆಗೆದು ಬರೆದೆ:
"ಗ್ವಿಲಿಮ್, ನಲವತ್ತು. ಕೊಟ್ಟಾಗಿದೆ."
ಪೆನ್ನು ಮುಚ್ಚಿದೆ. ಮತ್ತೆ ತೆರೆದೆ.
ಪಕ್ಕದಲ್ಲಿ, ಸಣ್ಣಗೆ,
"ಅಂತೆ."

ಆಮೇಲೆ ಬಸ್ಸಿನ ಚಿಲ್ಲರೆ ಎಣಿಸಿದೆ.
ಸರಿಯಾಗಿತ್ತು. ಇನ್ನೊಮ್ಮೆ ಎಣಿಸಿದೆ.